ಕಾಗದಕ್ಕೊಂದು ಜರಡಿ: ಸಂಘದ ಸ್ವಂತ ಇ-ಮೇಲ್ ಸರ್ವರಿನಲ್ಲಿ ಸೋಸುವ ಕ್ರಮ, ಅದು ಕೆಟ್ಟಾಗ ನೋಡತಕ್ಕ ಬಗೆ

‘ನಾವು ಕಾಗದ ಕಳುಹಿಸಿದ್ದೇವೆ, ನೀವು ಬಂದಿಲ್ಲವೆನ್ನುತ್ತೀರಿ, ಹಾಗಾದರೆ ಅದು ಹೋಯಿತೆಲ್ಲಿಗೆ?’ ಎಂದು ಸದಸ್ಯರು ಕೇಳುವುದು ಈಗೀಗ ಸಹಕಾರ ಸಂಘಗಳ ಕಛೇರಿಗಳಲ್ಲಿ ಸಾಮಾನ್ಯವಾಗಿದೆ. ಟಪಾಲಿನ ಕಾಲದಲ್ಲಾದರೆ ಬಸ್ಸು ಬರಲಿಲ್ಲ, ಹೊಳೆ ಏರಿತು ಎಂದು ಏನಾದರೊಂದು ಉತ್ತರ ಹೇಳಬಹುದಿತ್ತು. ಇ-ಮೇಲ್ ವಿಷಯದಲ್ಲಿ ಆ ಸಬೂಬು ನಡೆಯದು. ನಮ್ಮ ಯಂತ್ರದ ಬಾಗಿಲಿಗೆ ಬಂದ ಕಾಗದ ಇಟ್ಟ ಪ್ರತಿಯೊಂದು ಹೆಜ್ಜೆಯೂ ಯಂತ್ರದ ದಿನಚರಿಯಲ್ಲಿ ಬರೆಯಲ್ಪಟ್ಟಿರುತ್ತದೆ. ಅದನ್ನು ಓದುವವರು ಬೇಕು, ಅಷ್ಟೆ.

ನಮ್ಮ ಸಂಘವೂ ಸೇರಿದಂತೆ ಕೆಲವು ಸಂಘಗಳು ಪರರ ಸೇವೆಯನ್ನು ನೆಚ್ಚದೆ ಸ್ವಂತ ಇ-ಮೇಲ್ ಸರ್ವರ್ ನಡೆಸುತ್ತಿವೆ. ಬೇಕಾದ ತಂತ್ರಾಂಶಗಳಿಗೆ ಬೆಲೆಯಿಲ್ಲ. ಎಷ್ಟು ಮಂದಿ ಸದಸ್ಯರಿಗೆ ವಿಳಾಸ ಕೊಟ್ಟರೂ ತಲೆಗಿಷ್ಟು ಎಂದು ಬಾಡಿಗೆ ಕಟ್ಟಬೇಕಾಗಿಲ್ಲ. ಆದರೆ ಸ್ವಂತದ್ದು ಎಂದ ಮೇಲೆ ಬರುವ ಕಸವನ್ನು ಸೋಸುವ ಹೊಣೆಯೂ ಸ್ವಂತದ್ದೇ. ಆ ಸೋಸುವಿಕೆಯನ್ನು ಹೇಗೆ ಕೂಡಿಸುವುದು, ಕೆಟ್ಟರೆ ಎಲ್ಲಿಂದ ಹುಡುಕುವುದು ಎಂಬುದನ್ನು ಬರೆಯಬೇಕೆಂದು ಹಲವು ಸದಸ್ಯರೂ ನೆರೆಯ ಸಂಘಗಳ ಕಾರ್ಯದರ್ಶಿಗಳೂ ಕೇಳಿದುದರಿಂದ ಈ ಲೇಖನ.

ಮೊದಲಿಗೆ ಒಂದು ಎಚ್ಚರಿಕೆ. ತೋಟದ ಮನೆಯ ಇಂಟರ್‌ನೆಟ್ ಸಂಪರ್ಕದ ಮೇಲೆಯೇ ಸರ್ವರ್ ಕೂಡಿಸುವ ಉತ್ಸಾಹ ಕೆಲವು ಯುವ ಸದಸ್ಯರಲ್ಲಿದೆ. ಮನೆಬಳಕೆಯ ಸಂಪರ್ಕಗಳಲ್ಲಿ ಸಾಮಾನ್ಯವಾಗಿ ಕಾಗದ ಹೊರಡುವ 25ನೇ ಪೋರ್ಟನ್ನು ಮುಚ್ಚಿರುತ್ತಾರೆ. ಐಪಿ ಸಂಖ್ಯೆ ಆಗಾಗ ಬದಲಾಗುತ್ತದೆ. ಆ ಸಂಖ್ಯೆಯಿಂದ ಹೆಸರನ್ನು ತಿಳಿಸುವ ವಿಲೋಮ ದಾಖಲೆಯೂ ನಮ್ಮ ಕೈಯಲ್ಲಿರುವುದಿಲ್ಲ. ಅಂಥ ಕಡೆಯಿಂದ ಹೊರಟ ಕಾಗದವನ್ನು ದೊಡ್ಡ ಕಂಪೆನಿಗಳ ಸರ್ವರ್‌ಗಳು ಒಳಗೆ ಬಿಟ್ಟುಕೊಳ್ಳುವುದು ಕಷ್ಟ. ಆದುದರಿಂದ ಸ್ಥಿರ ಐಪಿ ಇರುವ ಬಾಡಿಗೆಯ ಯಂತ್ರವೇ ಲೇಸು. ಇನ್ನು ಕರೆಂಟಿನ ಚಿಂತೆ. ಮಳೆಗಾಲದಲ್ಲಿ ಎರಡು ದಿನ ಸರ್ವರ್ ಮಲಗಿದರೂ ಬರತಕ್ಕ ಕಾಗದ ಸಾಮಾನ್ಯವಾಗಿ ಕಳೆಯುವುದಿಲ್ಲ. ಕಳುಹಿಸುವ ಸರ್ವರ್ ಅದನ್ನು ಸರದಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕಡಮೆಯೆಂದರೆ ನಾಲ್ಕೈದು ದಿನ ಹಾಗೆ ಪ್ರಯತ್ನಿಸಬೇಕೆಂಬುದು ಇ-ಮೇಲ್ ಸಾಗಣೆಯ ನಿಯಮಾವಳಿಯಲ್ಲಿಯೇ ಇದೆ.

ಈ ನಿಯಮಾವಳಿ 1982ರಲ್ಲಿ ಜಾನ್ ಪೋಸ್ಟೆಲ್ ಎಂಬವರು ಬರೆದದ್ದು, 2008ರಲ್ಲಿ ಪರಿಷ್ಕೃತವಾದದ್ದು. ಅದರಲ್ಲಿ ಬೆಳೆಗಾರರಿಗೆ ಕೂಡಲೇ ಅರ್ಥವಾಗುವ ಒಂದು ಅಂಶವುಂಟು. ಕಾಗದವನ್ನು ಪೂರ್ತಿ ಪಡೆದ ಸರ್ವರ್ 250 ಎಂಬ ಸಂಖ್ಯೆಯನ್ನು ಉತ್ತರವಾಗಿ ಕೊಡುತ್ತದೆ. ಇದು ನಮ್ಮ ಯಾರ್ಡಿನಲ್ಲಿ ಮೂಟೆ ತೂಗಿ ಬರೆದುಕೊಡುವ ರಸೀತಿಯಂತೆಯೇ. ರಸೀತಿ ಕೊಡುವ ಮೊದಲು ‘ಮಾಲು ಹಸಿ ಇದೆ, ವಾಪಸು ಒಯ್ಯಿರಿ’ ಎಂದು ಹೇಳಲು ಗುಮಾಸ್ತರಿಗೆ ಅಧಿಕಾರವಿದೆ. ಬೆಳೆಗಾರನಿಗೂ ತನ್ನ ಮೂಟೆ ಎಲ್ಲಿದೆಯೆಂದು ಗೊತ್ತಿರುತ್ತದೆ. ರಸೀತಿ ಹರಿದುಕೊಟ್ಟ ಮೇಲೆ ಮೂಟೆ ಸಂಘದ ಜವಾಬ್ದಾರಿ. ಇ-ಮೇಲಿನಲ್ಲಿಯೂ ಹಾಗೆಯೇ: ಬೇಡದ್ದನ್ನು ಬಾಗಿಲಲ್ಲಿಯೇ ನಿರಾಕರಿಸಬಹುದು, ಇಲ್ಲವೆ ಪಡೆದು ಎಲ್ಲಾದರೂ ಒಂದು ಕಡೆ ಇಡಬೇಕು. ಪಡೆದೆವೆಂದು 250 ಹೇಳಿ, ಹಿತ್ತಲಿಗೆ ಒಯ್ದು ಸದ್ದಿಲ್ಲದೆ ಎಸೆಯುವುದು ಸಲ್ಲದು. ಸೋಸುವ ತಂತ್ರಾಂಶಗಳಲ್ಲಿ ‘ಡಿಸ್ಕಾರ್ಡ್’ ಎಂಬ ಆಜ್ಞೆ ಇರುವುದೇನೋ ನಿಜ. ಸಹಕಾರ ಸಂಘದ ಸರ್ವರಿನಲ್ಲಿ ಅದಕ್ಕೆ ಸ್ಥಳವಿರಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ.

ಈಗ ಏರ್ಪಾಟಿನ ವಿಷಯ. ಬಾಗಿಲು ಕಾಯುವುದು ಪೋಸ್ಟ್‌ಫಿಕ್ಸ್. ವೀಟ್ಸೆ ವೆನೆಮಾ ಎಂಬವರು ಐಬಿಎಂ ಸಂಸ್ಥೆಯ ಸಂಶೋಧನಾಲಯದಲ್ಲಿದ್ದಾಗ ಬರೆದು 1998ರಲ್ಲಿ ಹೊರತಂದ ತಂತ್ರಾಂಶವಿದು. ಬಾಗಿಲ ಪಕ್ಕದಲ್ಲಿ ಮಾಲು ಪರೀಕ್ಷಿಸುವುದು ಆರ್‌ಸ್ಪ್ಯಾಮ್‌ಡಿ. ಒಳಗೆ ಕಾಗದವನ್ನು ಅವರವರ ಪೆಟ್ಟಿಗೆಗೆ ಹಾಕುವುದು ಡವ್‌ಕಾಟ್. ಫಿನ್ಲೆಂಡಿನ ಟಿಮೊ ಸಿರೈನೆನ್ ಆರಂಭಿಸಿದ ತಂತ್ರಾಂಶ. ಮೂವರ ಕೆಲಸವೂ ಬೇರೆ ಬೇರೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಆರ್‌ಸ್ಪ್ಯಾಮ್‌ಡಿ ಅಂಕ ಹಾಕುತ್ತದೆ. ವಿಷಯಸಾಲು ಇಲ್ಲದಿದ್ದರೆ ಇಷ್ಟು, ಕಳುಹಿಸಿದವರ ಡೊಮೇನಿಗೆ ಎಸ್‌ಪಿಎಫ್ ಅಥವಾ ಡಿಕಿಮ್ ಎಂಬ ಗುರುತಿನ ದಾಖಲೆಗಳಿಲ್ಲದಿದ್ದರೆ ಇಷ್ಟು, ಕೆಟ್ಟ ಹೆಸರಿನ ಕೊಂಡಿಗಳಿದ್ದರೆ ಮತ್ತಿಷ್ಟು, ಹೀಗೆ ಕೂಡಿಸುತ್ತದೆ. ತಂತ್ರಾಂಶದೊಡನೆ ಬರುವ ಮೂಲ ಏರ್ಪಾಟಿನಂತೆ 4 ಅಂಕ ಮುಟ್ಟಿದರೆ ‘ಸ್ವಲ್ಪ ಹೊತ್ತು ಬಿಟ್ಟು ಬಾ’ ಎಂದು ಹೇಳಿ ಕಳುಹಿಸುತ್ತದೆ. 6 ದಾಟಿದರೆ ಅನುಮಾನದ ಚೀಟಿ ಅಂಟಿಸಿ ಒಳಗೆ ಬಿಡುತ್ತದೆ. 15 ಮುಟ್ಟಿದರೆ ಬಾಗಿಲಲ್ಲಿಯೇ ನಿರಾಕರಿಸುತ್ತದೆ. ಈ ನಿರಾಕರಣೆ ರಸೀತಿ ಕೊಡುವ ಮೊದಲೇ ಆಗುವುದರಿಂದ, ಕಳುಹಿಸಿದವರು ಪ್ರಾಮಾಣಿಕರಾಗಿದ್ದರೆ ಅವರ ಸರ್ವರ್ ಅವರಿಗೆ ‘ತಲುಪಲಿಲ್ಲ’ ಎಂದು ತಿಳಿಸುತ್ತದೆ. ಪಡೆದ ಮೇಲೆ ವಾಪಸು ಪತ್ರ ಬರೆಯುವುದು ಬೇರೆ, ಅದನ್ನು ಮಾಡಕೂಡದು. ಕಸದ ಕಾಗದಗಳಲ್ಲಿ ಕಳುಹಿಸಿದವರ ವಿಳಾಸ ಸಾಮಾನ್ಯವಾಗಿ ಸುಳ್ಳು. ನಮ್ಮ ವಾಪಸು ಪತ್ರ ಏನೂ ಅರಿಯದ ಯಾರದೋ ಮನೆಗೆ ಹೋಗಿ ಬೀಳುತ್ತದೆ.

ಅನುಮಾನದ ಚೀಟಿ ಅಂಟಿಸಿಕೊಂಡು ಒಳಗೆ ಬಂದ ಕಾಗದವನ್ನು ಯಾವ ಖಾನೆಗೆ ಹಾಕಬೇಕೆಂದು ಡವ್‌ಕಾಟಿಗೆ ಹೇಳುವ ಭಾಷೆಯ ಹೆಸರು ‘ಸೀವ್’. ಸೀವ್ ಎಂದರೆ ಜರಡಿ. ಹೆಸರಿಟ್ಟವರು ಕಾಫಿ ಕ್ಯೂರಿಂಗ್ ನೋಡಿದ್ದರೋ ಇಲ್ಲವೋ ತಿಳಿಯದು, ಹೆಸರೇನೋ ನಮಗೆ ಹೊಂದಿಕೊಂಡಿದೆ. 2001ರ ಜನವರಿಯಲ್ಲಿ ಪ್ರಮಾಣಪತ್ರವಾಗಿ ಪ್ರಕಟವಾದ ಈ ಭಾಷೆ 2008ರಲ್ಲಿ ಪರಿಷ್ಕಾರಗೊಂಡಿತು. ಇದರ ದೊಡ್ಡ ಗುಣವೆಂದರೆ, ಯಾವ ನಿಯಮವೂ ತಗಲದ ಕಾಗದ ತಾನಾಗಿಯೇ ಒಳಪೆಟ್ಟಿಗೆಯಲ್ಲಿ ಉಳಿಯುತ್ತದೆ. ಬರೆದ ನಿಯಮದಲ್ಲಿ ವ್ಯಾಕರಣ ತಪ್ಪಿದ್ದರೂ ಕಾಗದ ಒಳಪೆಟ್ಟಿಗೆಗೇ ಬೀಳುತ್ತದೆ. ಕ್ಯೂರಿಂಗ್ ಕಾರ್ಖಾನೆಯಲ್ಲಿ 6.65 ಮಿಲಿಮೀಟರ್ ತೂತಿನ ಜರಡಿಯ ಮೇಲೆ ನಿಂತದ್ದು ಪ್ಲಾಂಟೇಷನ್ ‘ಎ’ ದರ್ಜೆಗೆ ಸೇರುತ್ತದೆ, ಕೆಳಗಿಳಿದದ್ದು ‘ಬಿ’, ‘ಸಿ’ ಆಗುತ್ತದೆ. ಕರಿಬೀಜ, ಒಡಕು ಕೂಡ ಬೇರೆ ಮೂಟೆಯಾಗಿ ಮಾರಾಟವಾಗುತ್ತವೆ. ಅಡಿಕೆಯಲ್ಲಿ ಗೊರಬಲಿಗೂ ಒಂದು ರೇಟು ಇದೆಯಷ್ಟೆ. ಒಳ್ಳೆಯ ಜರಡಿ ಬೇರ್ಪಡಿಸುತ್ತದೆ, ಬಿಸಾಡುವುದಿಲ್ಲ. ಇ-ಮೇಲಿನ ಅನುಮಾನದ ಖಾನೆಗೆ ‘ಜಂಕ್’ ಎಂಬ ಹೆಸರು ರೂಢಿಯಾಗಿರುವುದು ದುರದೃಷ್ಟಕರ. ಹೆಸರು ಕೇಳಿದೊಡನೆಯೇ ಅದನ್ನು ತೆರೆದು ನೋಡುವ ಮನಸ್ಸು ಯಾರಿಗೂ ಬರುವುದಿಲ್ಲ.

ನೋಡದಿದ್ದರೆ ಏನಾಗುತ್ತದೆಂಬುದಕ್ಕೆ ನೆರೆ ತಾಲ್ಲೂಕಿನ ಸಂಘವೊಂದರಲ್ಲಿ ನಡೆದುದನ್ನು ಹೇಳಬೇಕು. ಎಲೆಚುಕ್ಕಿ ರೋಗದಿಂದ ಅಡಿಕೆ ತೋಟ ಕೆಟ್ಟವರಿಗೆ ಔಷಧಿ ಖರ್ಚಿನ ಭಾಗವನ್ನು ಸಹಾಯನಿಧಿಯಿಂದ ಕೊಡುವುದೆಂದು ಆ ಸಂಘ ಠರಾವು ಮಾಡಿ, ತೋಟದ ಚಿತ್ರಗಳೊಡನೆ ಅರ್ಜಿಯನ್ನು ಇ-ಮೇಲಿನಲ್ಲಿ ಕಳುಹಿಸಲು ಕೊನೆಯ ದಿನ ಗೊತ್ತುಮಾಡಿತ್ತು. ಪತಿ ತೀರಿಕೊಂಡ ಮೇಲೆ ಎರಡೂವರೆ ಎಕರೆ ತೋಟವನ್ನು ಒಬ್ಬರೇ ನೋಡಿಕೊಂಡಿರುವ ಸದಸ್ಯೆಯೊಬ್ಬರು ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗಿ, ಅಲ್ಲಿಂದ ಒಂಬತ್ತು ಚಿತ್ರಗಳನ್ನೂ ಅರ್ಜಿಯನ್ನೂ ಕಳುಹಿಸಿದರು. ಪಟ್ಟಿ ಹೊರಬಿದ್ದಾಗ ಅವರ ಹೆಸರಿಲ್ಲ. ವಿಚಾರಿಸಲು ಬಂದರೆ, ‘ನಿಮ್ಮದು ಬಂದೇ ಇಲ್ಲ ಅಮ್ಮಾ’ ಎಂದು ಗುಮಾಸ್ತರು. ‘ಹಾಗಾದ್ರೆ ನಾನು ಹೇಳೋದು ಸುಳ್ಳಾ? ಅಂಗಡಿಯವರಿಗೆ ನಲವತ್ತು ರೂಪಾಯಿ ಕೊಟ್ಟು ಕಳಿಸಿದ್ದೀನಿ’ ಎಂದು ಆಕೆ. ಮಾತಿಗೆ ಮಾತು ಬೆಳೆಯಿತು. ಮರ್ಯಾದಸ್ಥ ಹೆಂಗಸೊಬ್ಬರು ನಾಲ್ಕು ಜನರೆದುರು ಸುಳ್ಳುಗಾರ್ತಿ ಎನ್ನಿಸಿಕೊಂಡು ಮನೆಗೆ ಹೋಗಬೇಕಾಯಿತು.

ಆ ಸಂಘದ ಕಾರ್ಯದರ್ಶಿಯವರು ಹೇಳಿಕಳುಹಿಸಿದ ಮೇಲೆ ನಮ್ಮ ಕಛೇರಿಯಿಂದ ಇಬ್ಬರು ಹೋಗಿ ದಿನಚರಿ ತೆಗೆಸಿ ನೋಡಿದೆವು. ಕೊನೆಯ ದಿನಕ್ಕೆ ಎರಡು ದಿನ ಮುಂಚೆ, ಮಧ್ಯಾಹ್ನ, ಅಂಗಡಿಯವರ ವಿಳಾಸದಿಂದ ಕಾಗದ ಬಂದದ್ದೂ, ಅದಕ್ಕೆ 250 ಎಂಬ ರಸೀತಿ ಹೋದದ್ದೂ ಬರೆದಿತ್ತು. ಅಂಕ 7.4. ಕಾರಣಗಳೂ ಅಲ್ಲಿಯೇ ಇದ್ದವು: ವಿಷಯಸಾಲು ಖಾಲಿ, ಒಕ್ಕಣೆ ಖಾಲಿ, ಬರೇ ಚಿತ್ರಗಳು, ಅಂಗಡಿಯವರ ಡೊಮೇನಿಗೆ ಎಸ್‌ಪಿಎಫ್ ಇಲ್ಲ, ಡಿಕಿಮ್ ಇಲ್ಲ. ಯಂತ್ರ ತನಗೆ ಹೇಳಿಕೊಟ್ಟಂತೆ ಚೀಟಿ ಅಂಟಿಸಿ ಜಂಕ್ ಖಾನೆಗೆ ಹಾಕಿತ್ತು. ಗುಮಾಸ್ತರೂ ಸುಳ್ಳು ಹೇಳಿರಲಿಲ್ಲ, ಒಳಪೆಟ್ಟಿಗೆಯಲ್ಲಿ ಅದು ಇರಲಿಲ್ಲ. ಜಂಕ್ ಖಾನೆಯಲ್ಲಿ 30 ದಿನ ದಾಟಿದ್ದನ್ನು ತಾನಾಗಿ ಅಳಿಸುವ ಏರ್ಪಾಟು ಡವ್‌ಕಾಟಿನಲ್ಲಿ ಉಂಟು. ಸರ್ವರ್ ಕೂಡಿಸಿದವರು ಅದನ್ನು ಚಾಲೂ ಇಟ್ಟಿದ್ದರು. ನಾವು ನೋಡಿದ್ದು 26ನೆಯ ದಿನ. ಇನ್ನು ನಾಲ್ಕು ದಿನ ಕಳೆದಿದ್ದರೆ ಅರ್ಜಿಯೂ ಚಿತ್ರಗಳೂ ಇಲ್ಲವಾಗುತ್ತಿದ್ದವು. ದಿನಚರಿಯ ಆ ಸಾಲನ್ನೇ ರಸೀತಿಯೆಂದು ಒಪ್ಪಿಕೊಂಡು ಆಡಳಿತ ಮಂಡಳಿಯವರು ಆಕೆಯ ಹೆಸರನ್ನು ಪಟ್ಟಿಗೆ ಸೇರಿಸಿದರು. ಕಾರ್ಯದರ್ಶಿಯವರು ತಾವೇ ಅವರ ಮನೆಗೆ ಹೋಗಿ ತಿಳಿಸಿ ಬಂದರೆಂದು ಕೇಳಿ ನಮಗೆ ಸಂತೋಷವಾಯಿತು.

ಕಾಗದ ಕಾಣೆಯಾದಾಗ ಹುಡುಕುವ ಕ್ರಮ ಇದರಿಂದಲೇ ತಿಳಿಯುತ್ತದೆ. ನಿಯಮವನ್ನು ತಿದ್ದಲು ಹೊರಡುವ ಮೊದಲು ಬಾಗಿಲಿನಿಂದ ಆರಂಭಿಸಬೇಕು. ಪೋಸ್ಟ್‌ಫಿಕ್ಸಿನ ದಿನಚರಿಯಲ್ಲಿ ಆ ವಿಳಾಸವಿದೆಯೇ? ಇಲ್ಲದಿದ್ದರೆ ಕಾಗದ ನಮ್ಮಲ್ಲಿಗೆ ಬಂದೇ ಇಲ್ಲ, ಜರಡಿಯನ್ನು ದೂರಿ ಫಲವಿಲ್ಲ. ಇದ್ದರೆ ಅದಕ್ಕೊಂದು ಸರದಿ ಸಂಖ್ಯೆ ಕೊಟ್ಟಿರುತ್ತದೆ. ಆ ಸಂಖ್ಯೆಯನ್ನು ಹಿಡಿದು ಮುಂದಿನ ಸಾಲುಗಳನ್ನು ಓದಬೇಕು. ಕೊನೆಯ ಸಾಲಿನಲ್ಲಿ ಕಾಗದವನ್ನು ಯಾರ ಕೈಗೆ ಕೊಟ್ಟಿತೆಂದು ಇರುತ್ತದೆ. ಅಲ್ಲಿ ‘ಎಲ್‌ಎಂಟಿಪಿ’ ಎಂದಿದ್ದರೆ ಡವ್‌ಕಾಟಿನ ಕೈಗೆ ಹೋಗಿದೆ. ‘ವರ್ಚುಯಲ್’ ಅಥವಾ ‘ಲೋಕಲ್’ ಎಂದಿದ್ದರೆ ಪೋಸ್ಟ್‌ಫಿಕ್ಸ್ ತಾನೇ ನೇರವಾಗಿ ಪೆಟ್ಟಿಗೆಗೆ ಹಾಕಿರುವ ಸಂಭವ ಹೆಚ್ಚು. ಹಾಗಾಗಿದ್ದರೆ ಜರಡಿಯ ಮೇಲೆ ಕಾಗದ ಬಿದ್ದೇ ಇಲ್ಲ. ‘ನಿಯಮ ಎಷ್ಟು ಬರೆದರೂ ಕೆಲಸ ಮಾಡುತ್ತಿಲ್ಲ’ ಎಂದು ನಮ್ಮಲ್ಲಿಗೆ ಬಂದ ದೂರುಗಳಲ್ಲಿ ಹೆಚ್ಚಿನವು ಇಲ್ಲಿಯೇ ಬಗೆಹರಿದಿವೆ. ಎಲ್‌ಎಂಟಿಪಿ ವಿಭಾಗದಲ್ಲಿ ಸೀವ್ ಎಂಬ ಸೇರ್ಪಡೆಯನ್ನು ಹೆಸರಿಸಿರಬೇಕೆಂಬುದನ್ನೂ ಮರೆಯಕೂಡದು.

ಡವ್‌ಕಾಟಿನವರೆಗೆ ಬಂದಿದ್ದರೆ ಅದರ ದಿನಚರಿಯಲ್ಲಿ ಯಾವ ಖಾನೆಗೆ ಇಳಿಸಿತೆಂದು ಬರೆದಿರುತ್ತದೆ. ನಿಯಮದಲ್ಲಿ ಹೇಳಿದ ಖಾನೆ ಇನ್ನೂ ಹುಟ್ಟಿಯೇ ಇಲ್ಲದಿದ್ದರೆ, ತಾನಾಗಿ ಹುಟ್ಟಿಸುವ ಅನುಮತಿ ಕೊಟ್ಟಿರದಿದ್ದರೆ, ಕಾಗದ ಒಳಪೆಟ್ಟಿಗೆಗೆ ಬಿದ್ದು ದೂರೊಂದು ದಾಖಲಾಗಿರುತ್ತದೆ. ಒಂದೇ ಕಾಗದ ಎರಡು ಖಾನೆಗಳಲ್ಲಿ ಕಂಡರೆ, ಮೊದಲನೆಯ ನಿಯಮದ ಕೊನೆಯಲ್ಲಿ ‘ಸ್ಟಾಪ್’ ಬರೆದಿಲ್ಲವೆಂದು ಅರ್ಥ. ನಿಯಮಗಳು ಮೇಲಿನಿಂದ ಕೆಳಕ್ಕೆ ಒಂದಾದ ಮೇಲೊಂದು ನಡೆಯುತ್ತವೆ. ನಿಲ್ಲೆಂದು ಹೇಳದಿದ್ದರೆ ನಿಲ್ಲುವುದಿಲ್ಲ. ಸದಸ್ಯರ ವಿಳಾಸಗಳಿಂದ ಬಂದದ್ದನ್ನು ಒಳಪೆಟ್ಟಿಗೆಗೆ ಹಾಕಿ ನಿಲ್ಲಿಸುವ ನಿಯಮವನ್ನು ಮೊದಲಿಗೂ, ಅನುಮಾನದ ಚೀಟಿಯನ್ನು ನೋಡುವ ನಿಯಮವನ್ನು ಅನಂತರವೂ ಬರೆಯುವುದು ಕ್ಷೇಮ. ಹೊಸ ನಿಯಮವನ್ನು ಜೀವಂತ ಕಾಗದಗಳ ಮೇಲೆ ಪ್ರಯೋಗಿಸುವ ಅಗತ್ಯವಿಲ್ಲ. ‘ಸೀವ್-ಟೆಸ್ಟ್’ ಎಂಬ ಉಪಕರಣಕ್ಕೆ ನಿಯಮವನ್ನೂ ಒಂದು ಹಳೆಯ ಕಾಗದದ ಪ್ರತಿಯನ್ನೂ ಕೊಟ್ಟರೆ, ಏನನ್ನೂ ಕದಲಿಸದೆ, ಏನು ಮಾಡುತ್ತಿದ್ದೆನೆಂದು ಹೇಳುತ್ತದೆ. ಇನ್ನೊಂದು ತಿಳಿವಳಿಕೆ: ಜರಡಿ ಓಡುವುದು ಕಾಗದ ಒಳಗೆ ಬರುವ ಕ್ಷಣದಲ್ಲಿ ಮಾತ್ರ. ಇಂದು ಬರೆದ ನಿಯಮ ನಿನ್ನೆಯೇ ಪೆಟ್ಟಿಗೆಯಲ್ಲಿದ್ದ ಕಾಗದಗಳನ್ನು ಮುಟ್ಟುವುದಿಲ್ಲ.

2025ರ ಜನವರಿಯಲ್ಲಿ ಬಂದ ಡವ್‌ಕಾಟ್ 2.4ರಲ್ಲಿ ಏರ್ಪಾಟಿನ ಕಡತವನ್ನು ಬರೆಯುವ ರೀತಿಯೇ ಬದಲಾಗಿದೆ. 2.3ರ ಕಡತವನ್ನು ಹಾಗೆಯೇ ಇಟ್ಟರೆ ಸೇವೆ ಏಳುವುದಿಲ್ಲ. ಹಳೆಯ ಪುಸ್ತಕ ನೋಡಿ ಹೊಸ ಯಂತ್ರ ಕೂಡಿಸುವವರು ಇದನ್ನು ಗಮನಿಸತಕ್ಕದ್ದು.

ಕನ್ನಡದಲ್ಲಿ ಬರೆಯುವ ನಮಗೆ ಕೆಲವು ವಿಶೇಷ ತೊಡಕುಗಳುಂಟು. ಇವನ್ನು ಆಂಗ್ಲ ಕೈಪಿಡಿಗಳಲ್ಲಿ ಹುಡುಕಿದರೆ ಸಿಗಲಾರವು. ಕನ್ನಡದ ವಿಷಯಸಾಲು ಇ-ಮೇಲಿನೊಳಗೆ ಸಾಮಾನ್ಯವಾಗಿ ಆಂಗ್ಲ ಅಕ್ಷರಗಳ ಸಂಕೇತವಾಗಿ ಮಾರ್ಪಟ್ಟು ಪ್ರಯಾಣ ಮಾಡುತ್ತದೆ. ಸೀವ್ ಅದನ್ನು ಬಿಡಿಸಿ ಓದುತ್ತದೆ, ಪೋಸ್ಟ್‌ಫಿಕ್ಸಿನ ತಲೆಸಾಲು ತಪಾಸಣೆ ಬಿಡಿಸುವುದಿಲ್ಲ. ಆದುದರಿಂದ ಕನ್ನಡ ಪದವನ್ನು ಹುಡುಕುವ ನಿಯಮವನ್ನು ಬಾಗಿಲಲ್ಲಿ ಬರೆದರೆ ವ್ಯರ್ಥ. ಸೀವಿನಲ್ಲಿ, ಯೂನಿಕೋಡ್ ಕಡತವಾಗಿ ಬರೆಯಬೇಕು. ಬರೆದರೂ ಸಾಲದು. ‘ಅಡಿಕೆ’ ಎಂದು ಹುಡುಕುವ ನಿಯಮಕ್ಕೆ ‘ಅಡಕೆ’ ಎಂದು ಬರೆದವರ ಕಾಗದ ಸಿಕ್ಕುವುದಿಲ್ಲ. ನಮ್ಮ ಸದಸ್ಯರಲ್ಲಿ ಎರಡು ಪಂಗಡದವರೂ ಇದ್ದಾರೆ, ಯಾರೂ ಬಿಟ್ಟುಕೊಡುವವರಲ್ಲ. ಎರಡನ್ನೂ ನಿಯಮದಲ್ಲಿ ಹಾಕಬೇಕು. ಹಳೆಯ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿ ಅಂಟಿಸಿದ ಒಕ್ಕಣೆಯಂತೂ ಯಂತ್ರಕ್ಕೆ ಅರ್ಥವಿಲ್ಲದ ಆಂಗ್ಲ ಅಕ್ಷರಗಳ ರಾಶಿ. ಅದರಲ್ಲಿ ಕನ್ನಡವೆಂಬುದೇ ಇಲ್ಲ.

ಯಂತ್ರಕ್ಕೆ ಕಲಿಸುವ ಏರ್ಪಾಟೂ ಇದೆ. ಇದು ಕಸ, ಇದು ಕಾಳು ಎಂದು ತೋರಿಸುತ್ತ ಹೋದರೆ ಪದಗಳ ಲೆಕ್ಕದಿಂದ ಅದು ತಾನೇ ಗುರುತಿಸಲು ತೊಡಗುತ್ತದೆ. ಆದರೆ ಆರ್‌ಸ್ಪ್ಯಾಮ್‌ಡಿಯ ಮೂಲ ಏರ್ಪಾಟಿನಲ್ಲಿ ಎರಡೂ ಬಗೆಯವು 200ರಂತೆ ಕಲಿತ ಮೇಲೆಯೇ ಅದು ಬಾಯಿ ಬಿಡುವುದು. ಕಸವನ್ನು ಮಾತ್ರ ತೋರಿಸಿ, ಸದಸ್ಯರ ಒಳ್ಳೆಯ ಕನ್ನಡ ಕಾಗದಗಳನ್ನು ತೋರಿಸದೆ, ‘ಕಲಿಯಲಿಲ್ಲ’ ಎಂದು ದೂರುವವರಿದ್ದಾರೆ.

ಟೆಂಡರ್ ಕರೆಯುವ ಸಂಘಗಳಿಗೆ ‘ಸ್ವಲ್ಪ ಹೊತ್ತು ಬಿಟ್ಟು ಬಾ’ ಎನ್ನುವ ಕ್ರಮ ತೊಂದರೆ ಕೊಡಬಹುದು. ಮೂಲ ಏರ್ಪಾಟಿನಲ್ಲಿ ಕಾಯಿಸುವುದು ಐದೇ ನಿಮಿಷ. ಆದರೆ ಮತ್ತೆ ಯಾವಾಗ ಬರಬೇಕೆಂಬುದು ಕಳುಹಿಸುವ ಸರ್ವರಿನ ಇಷ್ಟ, ಅರ್ಧ ಗಂಟೆಯೂ ಆದೀತು. ನಾಲ್ಕು ಗಂಟೆಗೆ ಮುಗಿಯುವ ಟೆಂಡರಿಗೆ 3-50ಕ್ಕೆ ಕಳುಹಿಸಿದವರ ದರಪಟ್ಟಿ 4-20ಕ್ಕೆ ಬಂದರೆ ತಂಟೆ ಹುಟ್ಟಿದಂತೆಯೇ. ಟೆಂಡರಿನ ವಿಳಾಸಕ್ಕೆ ಈ ಕಾಯಿಸುವಿಕೆಯನ್ನು ತೆಗೆದುಬಿಡುವುದು ಉತ್ತಮ.

ಸಂಘದ ಪೆಟ್ಟಿಗೆಗೆ ಬಂದದ್ದನ್ನು ತಮ್ಮ ಖಾಸಗಿ ವಿಳಾಸಕ್ಕೆ ತಿರುಗಿಸಿಕೊಳ್ಳುವ ನಿರ್ದೇಶಕರಿಗೂ ಒಂದು ಮಾತು. ಹಾಗೆ ತಿರುಗಿಸಿದಾಗ ಕಾಗದ ನಮ್ಮ ಸರ್ವರಿನಿಂದ ಹೊರಟಂತಾಗುತ್ತದೆ. ಮೂಲ ಕಳುಹಿಸಿದವರ ಎಸ್‌ಪಿಎಫ್ ಪಟ್ಟಿಯಲ್ಲಿ ನಮ್ಮ ಹೆಸರಿರುವುದಿಲ್ಲ. ಡಿಕಿಮ್ ಮುದ್ರೆ ಇದ್ದು ಒಕ್ಕಣೆಯನ್ನು ಕದಲಿಸದಿದ್ದರೆ ಪಾರಾದೀತು. ಗೂಗಲ್, ಯಾಹೂ ಸಂಸ್ಥೆಗಳು 2024ರ ಫೆಬ್ರವರಿಯಿಂದ ಈ ಗುರುತುಗಳ ವಿಷಯದಲ್ಲಿ ಬಿಗಿ ಮಾಡಿವೆ. ಸಂಘದ ಪೆಟ್ಟಿಗೆಯನ್ನೇ ದೂರವಾಣಿಯಲ್ಲಿ ತೆರೆದು ನೋಡುವುದು ಸರಳ.

ಕೊನೆಯದಾಗಿ, ಜರಡಿ ಹಿಡಿಯಲಾರದ ಒಂದು ಬಗೆಯುಂಟು. ವ್ಯಾಪಾರಿಯ ವಿಳಾಸದಲ್ಲಿ ಒಂದೇ ಅಕ್ಷರ ಬದಲಿಸಿ ಡೊಮೇನ್ ಕೊಂಡು, ಎಸ್‌ಪಿಎಫ್, ಡಿಕಿಮ್ ಎರಡನ್ನೂ ಸರಿಯಾಗಿ ಇಟ್ಟುಕೊಂಡು, ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣವನ್ನು ಇಲ್ಲಿಗೆ ಕಳುಹಿಸಿ’ ಎಂದು ಬರೆಯುವವರಿದ್ದಾರೆ. ಇಂಥ ಕಾಗದಕ್ಕೆ ಅಂಕ ಸೊನ್ನೆಯೂ ಆಗಬಹುದು. ಎಸ್‌ಪಿಎಫ್, ಡಿಕಿಮ್‌ಗಳು ಕಾಗದ ಆ ಡೊಮೇನಿನಿಂದಲೇ ಬಂತೆಂದು ಹೇಳುತ್ತವೆಯೇ ಹೊರತು ಡೊಮೇನಿನವರು ಸತ್ಯವಂತರೆಂದು ಹೇಳುವುದಿಲ್ಲ. ಖಾತೆ ಬದಲಾವಣೆಯ ಯಾವ ಕಾಗದ ಬಂದರೂ ಮೊದಲೇ ತಿಳಿದಿರುವ ಸಂಖ್ಯೆಗೆ ಫೋನು ಮಾಡಿ ಕೇಳದೆ ಹಣ ಕಳುಹಿಸಕೂಡದು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು. ಮೊದಲ ಕೆಲವು ಗಂಟೆಗಳೊಳಗಾದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಮ್ಮ ಸಂಘದಲ್ಲಿ ಅನುಮಾನದ ಖಾನೆಯನ್ನು ಸೋಮವಾರ ಮತ್ತು ಗುರುವಾರ ಇಬ್ಬರು ನೌಕರರು ಸರದಿಯಂತೆ ತೆರೆದು ನೋಡಿ ಪುಸ್ತಕದಲ್ಲಿ ರುಜು ಹಾಕುತ್ತಾರೆ. ಆ ಖಾನೆಯ ಕಾಗದಗಳನ್ನು 180 ದಿನ ಇಡಲಾಗುತ್ತದೆ. ಸದಸ್ಯರು ಅರ್ಜಿ ಕಳುಹಿಸುವಾಗ ವಿಷಯಸಾಲಿನಲ್ಲಿ ತಮ್ಮ ಹೆಸರು, ಸದಸ್ಯತ್ವ ಸಂಖ್ಯೆ ಬರೆದು, ಒಳಗೆ ಎರಡು ಸಾಲಾದರೂ ಒಕ್ಕಣೆ ಹಾಕಬೇಕೆಂದು ವಿನಂತಿ. ಬೇರೆಯವರ ಅಂಗಡಿಯಿಂದ ಕಳುಹಿಸಿದರೆ ಆ ಅಂಗಡಿಯ ಇ-ಮೇಲ್ ವಿಳಾಸ, ಕಳುಹಿಸಿದ ದಿನ, ಹೊತ್ತು ಇಷ್ಟನ್ನು ಗುರುತು ಹಾಕಿಟ್ಟುಕೊಂಡಿರಿ. ಮೂರು ದಿನಗಳಲ್ಲಿ ಕಛೇರಿಯಿಂದ ಉತ್ತರ ಬಾರದಿದ್ದರೆ ಆ ವಿವರದೊಡನೆ ಬಂದು ಕೇಳಿದಲ್ಲಿ ದಿನಚರಿಯ ಸಾಲನ್ನು ತೆಗೆದು ತೋರಿಸಲಾಗುವುದು.